ಒರಳಿಲ್ಲದ ಗುಂಡು

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನಾನು ಮಂಡ್ಯದ ನನ್ನ ಗ್ರಾನೈಟ್ ಅಂಗಡಿಯಲ್ಲಿ ಒಬ್ಬರ ಅಡುಗೆಮನೆ ಕಟ್ಟೆಗೆ ಸಿಂಕಿನ ಅಳತೆ ಗುರುತು ಹಾಕುತ್ತಿದ್ದೆ. ಮೈಸೂರಿನಲ್ಲಿ ಐದು ವರ್ಷ ಶಿಲ್ಪಕಲೆ ಓದಿದವನು ಅಡುಗೆಮನೆಗೆ ಕಲ್ಲು ಕುಯ್ಯುತ್ತಿದ್ದಾನೆ ಎಂದು ನಗಬೇಡಿ. ಶಿಲ್ಪಕ್ಕೂ ಅಡುಗೆಮನೆಗೂ ಒಂದು ಹಳೇ ವ್ಯಾಜ್ಯವಿದೆ. ಅದು ಅಮೆರಿಕದ ಕೋರ್ಟಿನವರೆಗೂ ಹೋಗಿತ್ತು. ಅದನ್ನು ನನಗೆ ಹೇಳಿದವರು ನಮ್ಮ ಮೇಷ್ಟ್ರು.

ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಹೆಸರು, ಬಿರುದು ಎಲ್ಲ ಹಾಕಿ ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಾವು ಹುಡುಗರು ಅವರಿಗೆ ಇಟ್ಟಿದ್ದ ಹೆಸರು 'ಅಂಕುಶ ಮೇಷ್ಟ್ರು'. ಯಾವ ಪಾಠ ಶುರು ಮಾಡಿದರೂ ಅದು ಕೊನೆಗೆ ಕಾನ್‌ಸ್ಟಾಂಟಿನ್ ಬ್ರಾಂಕುಶಿ ಎಂಬ ರೊಮೇನಿಯಾದ ಶಿಲ್ಪಿಯ ಹತ್ತಿರ ಬಂದು ನಿಲ್ಲುತ್ತಿತ್ತು. ದಸರಾ ಆನೆಗಳನ್ನು ನೋಡಿ ಬೆಳೆದ ಮೈಸೂರಿನ ಹುಡುಗರಿಗೆ ಬ್ರಾಂಕುಶಿ ಅಂಕುಶವಾಗಲು ಎಷ್ಟು ಹೊತ್ತು? ಅವರಿಗೂ ಈ ಹೆಸರು ಗೊತ್ತಿತ್ತು. ಸುಮ್ನೆ ಗೊತ್ತಿಲ್ಲದ ಹಾಗೆ ಇದ್ದರು.

ನಾನು ಸೇರಿದ್ದು 1995ರಲ್ಲಿ. ನಮ್ಮದು ಮಂಡ್ಯದ ಪಕ್ಕದ ಹಳ್ಳಿ, ಮನೆಯಲ್ಲಿ ಆಲೆಮನೆ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಬರುತ್ತಿದ್ದೆ. ಶಿಲ್ಪ ಅಂದರೆ ನನ್ನ ಮಟ್ಟಿಗೆ ಸೋಮನಾಥಪುರ. ಹೈಸ್ಕೂಲಿನ ಪ್ರವಾಸದಲ್ಲಿ ನೋಡಿದ್ದೆ. 13ನೇ ಶತಮಾನದ ಆ ಗುಡಿಯ ಗೋಡೆಯಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಹೆಸರನ್ನೂ ಕೆತ್ತಿ ಹೋಗಿದ್ದಾನೆ. ಬೆರಳಿನಲ್ಲಿ ಉಂಗುರ, ಉಂಗುರದಲ್ಲಿ ಹರಳು ಕಾಣುವಂಥ ಕೆಲಸ. ನಾನೂ ಹಾಗೆ ಕೆತ್ತಬೇಕು ಅಂತಲೇ ಬಂದವನು. ಮೊದಲ ವಾರವೇ ಮೇಷ್ಟ್ರು ದಾರ ಹಾಕಿ ಹೊಲೆದಿದ್ದ ಒಂದು ಹಳೇ ಪುಸ್ತಕ ತೆಗೆದು ಕಪ್ಪು ಬಿಳುಪು ಚಿತ್ರ ತೋರಿಸಿದರು. ನೆಲದ ಮೇಲೆ ಒರಗಿದ ಒಂದು ತಲೆ. ಕುತ್ತಿಗೆ ಇಲ್ಲ, ಭುಜ ಇಲ್ಲ. ಮೊಟ್ಟೆಯ ಮೇಲೆ ಮೂಗು, ರೆಪ್ಪೆ ಇದೆಯೋ ಇಲ್ಲವೋ ಎಂಬಂತೆ ಮೂಡಿವೆ. 1910ರ ಕೆಲಸ, ಮಲಗಿರುವ ಕಲಾದೇವಿ. ನನಗೆ ಮೋಸ ಹೋದ ಹಾಗಾಯಿತು. "ಕೆತ್ತೋಕೆ ಬರಲ್ವಾ ಸಾರ್ ಈತನಿಗೆ?" ಎಂದು ಕೇಳಿಯೇಬಿಟ್ಟೆ.

ಮೇಷ್ಟ್ರು ಸಿಟ್ಟಾಗಲಿಲ್ಲ. ಉಳಿ ಮಸೆಯುತ್ತಾ ಕಥೆ ಶುರು ಮಾಡಿದರು. ಕಂತಿನ ಮೇಲೆ ಹೇಳಿದ್ದರಿಂದ ಅದು ಮುಗಿಯಲು ಎರಡು ವರ್ಷ ಹಿಡಿಯಿತು.

ಬ್ರಾಂಕುಶಿ ಹುಟ್ಟಿದ್ದು 1876ರಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಿನ ಹೊಬಿತ್ಸ ಎಂಬ ಹಳ್ಳಿಯಲ್ಲಿ. ಕುರಿ ಕಾಯುತ್ತಿದ್ದ ಹುಡುಗ. ಮನೆ ಬಿಟ್ಟು ಓಡಿಹೋಗಿ ಕ್ರಯೋವಾ ಎಂಬ ಊರಿನಲ್ಲಿ ಹೆಂಡದಂಗಡಿಯ ಮಾಣಿಯಾದ. ಅಲ್ಲಿ ಹಳೇ ಪೆಟ್ಟಿಗೆಯ ಹಲಗೆಯಿಂದ ಪಿಟೀಲು ಮಾಡಿದನಂತೆ. ಅದನ್ನು ಕಂಡವರು ಕುಶಲಕಲೆಗಳ ಶಾಲೆಗೆ ಸೇರಿಸಿದರು. ಅಲ್ಲಿಂದ ಬುಕಾರೆಸ್ಟಿನ ಕಲಾ ಶಾಲೆ. ಅಲ್ಲಿ ಒಬ್ಬ ಅಂಗರಚನೆಯ ಪ್ರೊಫೆಸರ್ ಜೊತೆ ಸೇರಿ ಚರ್ಮ ಸುಲಿದ ಮನುಷ್ಯನ ಒಂದು ಆಳೆತ್ತರದ ಪ್ರತಿಮೆ ಮಾಡಿದ. ಒಂದೊಂದು ಸ್ನಾಯುವೂ ಅದರ ಜಾಗದಲ್ಲೇ ಇತ್ತು. ವೈದ್ಯಕೀಯ ಪಾಠಕ್ಕೇ ಬಳಕೆಯಾಯಿತು.

"ಕೆತ್ತೋಕೆ ಬರಲ್ವಾ ಅಂದೆಯಲ್ಲಯ್ಯಾ ಮಂಡ್ಯದವನೇ. ಇವನು ಬಾರದೆ ಬಿಟ್ಟವನಲ್ಲ, ಬಂದು ಬಿಟ್ಟವನು" ಎಂದರು ಮೇಷ್ಟ್ರು. ಇಡೀ ಕ್ಲಾಸು ನನ್ನ ಕಡೆ ತಿರುಗಿತು.

ನಮಗೆ ಬಹಳ ಇಷ್ಟವಾದ ಕಂತು ಎಂದರೆ ಪ್ಯಾರಿಸ್ ಪಯಣ. ಕಾಸಿಲ್ಲದೆ ಬಹುಪಾಲು ದಾರಿ ನಡೆದೇ ಹೋದನಂತೆ. ಮ್ಯೂನಿಕ್ ಮೇಲೆ ಹಾಯ್ದು 1904ರಲ್ಲಿ ಪ್ಯಾರಿಸ್ ಮುಟ್ಟಿದ. ರೈಲು ತಪ್ಪಿದರೆ ಮಂಡ್ಯಕ್ಕೆ ಹೇಗೆ ಹೋಗೋದು ಎಂದು ಅಳುವ ನನ್ನಂಥವನಿಗೆ ಇದು ಪುರಾಣದ ಹಾಗೆ ಕೇಳಿಸಿತು. ಪ್ಯಾರಿಸಿನಲ್ಲಿ ತಟ್ಟೆ ತೊಳೆದ. 1907ರಲ್ಲಿ ಆ ಕಾಲದ ದೊಡ್ಡ ಶಿಲ್ಪಿ ರೊಡಾನ್ ಹತ್ತಿರ ಕೆಲಸ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನೆಲೆ ನಿಲ್ಲುತ್ತಿದ್ದರು. ಇವನು ಕೆಲವೇ ವಾರಗಳಲ್ಲಿ ಬಿಟ್ಟು ಬಂದ. ದೊಡ್ಡ ಮರದ ನೆರಳಲ್ಲಿ ಏನೂ ಬೆಳೆಯೋದಿಲ್ಲ ಎಂದನಂತೆ. ಮೇಷ್ಟ್ರು ಈ ಮಾತು ಹೇಳುವಾಗ ಮರದ ಬದಲು ಆಲದ ಮರ ಅನ್ನುತ್ತಿದ್ದರು. ಹಾಗೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ರೊಡಾನ್ ಜೇಡಿಮಣ್ಣಿನಲ್ಲಿ ರೂಪ ಮಾಡುತ್ತಿದ್ದರು, ಅದನ್ನು ನೋಡಿ ಕಲ್ಲಿನಲ್ಲಿ ಕೆತ್ತಲು ಸಹಾಯಕರಿದ್ದರು. ಬ್ರಾಂಕುಶಿ ತಾನೇ ನೇರವಾಗಿ ಕಲ್ಲಿಗೆ ಉಳಿ ಇಟ್ಟ. ಅವನ 'ಚುಂಬನ' ಎಂಬ ಕೆಲಸದಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ಕಲ್ಲು. ಎರಡು ಕಣ್ಣು ಸೇರಿ ಒಂದೇ ಕಣ್ಣಿನ ಹಾಗೆ ಕಾಣುತ್ತದೆ. ತೋಳುಗಳು ಹಗ್ಗದ ಹಾಗೆ ಸುತ್ತಿಕೊಂಡಿವೆ. ಕೆತ್ತಿದ ಮೇಲೂ ಅದು ಕಲ್ಲಿನ ದಿಮ್ಮಿಯೇ.

ಎರಡನೇ ವರ್ಷ ಮೇಷ್ಟ್ರು ನಮಗೆ ಕೊಟ್ಟ ಕೆಲಸ ಒಂದೇ. ಒಂದು ಮೊಟ್ಟೆ ಮಾಡಿ. ಅಷ್ಟೇ. ಕೃಷ್ಣಶಿಲೆ, ಒಂದು ಅಡಿ ಉದ್ದ. ನಾವು ಒಳಗೊಳಗೇ ನಕ್ಕೆವು. ಮೂಗಿಲ್ಲ ಕಣ್ಣಿಲ್ಲ, ಎರಡು ದಿನದ ಕೆಲಸ ಎಂದುಕೊಂಡೆ.

ನನ್ನ ಮೊದಲನೇ ಕಲ್ಲು ಹತ್ತನೇ ದಿನ ಎರಡು ಹೋಳಾಯಿತು. ತಪ್ಪು ನನ್ನದೇ. ಕಲ್ಲು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನಾದ ಕೇಳಬೇಕು. ಒಳ್ಳೇ ಕಲ್ಲು ಗಂಟೆಯ ಹಾಗೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ನಾನು ಆತುರಕ್ಕೆ ಬಿದ್ದು ಬಣ್ಣ ನೋಡಿ ಎತ್ತಿಕೊಂಡಿದ್ದೆ. ಎರಡನೇ ಕಲ್ಲನ್ನು ಅರ್ಧ ಗಂಟೆ ತಟ್ಟಿದೆ. ಪಕ್ಕದವರು ದೇವಸ್ಥಾನ ಕಟ್ತೀಯೇನೋ ಎಂದು ರೇಗಿಸಿದರು.

ಆಕಾರ ಬರಲು ಮೂರು ವಾರ, ನುಣುಪು ಬರಲು ಇನ್ನೂ ಆರು ವಾರ. ಮೊದಲು 80ನೇ ನಂಬರಿನ ಎಮರಿ ಪೇಪರ್, ಆಮೇಲೆ 120, 220, 400, 600. ಪ್ರತಿ ಸಲವೂ ನೀರು ಹಾಕಿ ತಿಕ್ಕಬೇಕು. ಬೂದು ಬಣ್ಣದ ರಾಡಿ ಮೊಣಕೈವರೆಗೆ ಇಳಿಯುತ್ತಿತ್ತು. ಹಿಂದಿನ ನಂಬರಿನ ಒಂದೇ ಒಂದು ಗೀರು ಉಳಿದಿದ್ದರೂ ಮತ್ತೆ ಹಿಂದಕ್ಕೆ ಹೋಗಬೇಕು. ಒದ್ದೆ ಇದ್ದಾಗ ಎಲ್ಲ ಸರಿಯಾಗೇ ಕಾಣುತ್ತದೆ. ಒಣಗಿದ ಮೇಲೆ ಗೀರುಗಳು ಬೆಳ್ಳಗೆ ಎದ್ದು ಬರುತ್ತವೆ. ಸೋಮನಾಥಪುರದಂಥ ಕೆಲಸದಲ್ಲಿ ಒಂದು ಕಡೆ ಕೊಂಚ ತಪ್ಪಿದರೆ ಸರವೋ ಹೂವೋ ಅದನ್ನು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯಲ್ಲಿ ತಪ್ಪು ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಿದ್ದರು. "ಇಲ್ಲಿ ಉಬ್ಬಿದೆ ಕಣಯ್ಯಾ" ಎಂದು ಒಂದು ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗುತ್ತಿದ್ದರು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಕೊನೆಗೆ ಮುಗಿಯಿತು. ಟವಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿ, ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಅವ್ವ ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಸುತ್ತ ತಿರುಗಿಸಿದಳು. "ಗುಂಡು ಚೆನ್ನಾಗದೆ ಮಗ. ಒರಳೆಲ್ಲಿ?" ಎಂದಳು.

ಸೋಮವಾರ ಮೇಷ್ಟ್ರಿಗೆ ಬೇಜಾರಿನಿಂದ ಇದನ್ನು ಹೇಳಿದೆ. ಅವರು ನಕ್ಕ ನಗು ಕಾರಿಡಾರಿನವರೆಗೂ ಕೇಳಿಸಿರಬೇಕು. "ನಿಮ್ಮಮ್ಮ ಅಮೆರಿಕದ ಕಸ್ಟಮ್ಸ್ ಆಫೀಸರಿಗಿಂತ ಮೇಲು ಕಣೋ" ಎಂದು ಆ ವ್ಯಾಜ್ಯದ ಕಥೆ ಹೇಳಿದರು.

ಬ್ರಾಂಕುಶಿ 1920ರ ದಶಕದಲ್ಲಿ 'ಅಂತರಿಕ್ಷದಲ್ಲಿ ಹಕ್ಕಿ' ಎಂಬ ಸಾಲು ಕೆಲಸಗಳನ್ನು ಶುರು ಮಾಡಿದ. ರೆಕ್ಕೆ, ಕೊಕ್ಕು, ಪುಕ್ಕ ಯಾವುದೂ ಇಲ್ಲ. ಕೆಳಗೆ ಸಣ್ಣಗೆ ಶುರುವಾಗಿ ನಡುವೆ ತುಂಬಿಕೊಂಡು ಮೇಲಕ್ಕೆ ಚೂಪಾಗುವ ಒಂದು ಉದ್ದನೆಯ ರೂಪ. ಹಕ್ಕಿಯನ್ನು ಬಿಟ್ಟು ಹಾರುವುದನ್ನಷ್ಟೇ ಇಟ್ಟುಕೊಂಡ ಹಾಗೆ. 1926ರಲ್ಲಿ ಅದರ ಒಂದು ಕಂಚಿನ ಪ್ರತಿ ಹಡಗಿನಲ್ಲಿ ನ್ಯೂಯಾರ್ಕ್ ತಲುಪಿತು. ಕೊಂಡವರು ಫೋಟೋಗ್ರಾಫರ್ ಎಡ್ವರ್ಡ್ ಸ್ಟೈಕನ್. ಕಲಾಕೃತಿಗೆ ಸುಂಕವಿರಲಿಲ್ಲ. ಆದರೆ ಕಸ್ಟಮ್ಸಿನವರು ಇದು ಶಿಲ್ಪವೇ ಅಲ್ಲ ಎಂದು 'ಅಡುಗೆಮನೆ ಸಾಮಾನು ಮತ್ತು ಆಸ್ಪತ್ರೆ ಸಲಕರಣೆ' ಲೆಕ್ಕದಲ್ಲಿ ಬರೆದುಕೊಂಡು ಶೇಕಡಾ 40 ಸುಂಕ ಜಡಿದರು. ಕೇಸು ನಡೆಯಿತು. ಕಾಡಿನಲ್ಲಿ ಇದನ್ನು ಕಂಡರೆ ಹಕ್ಕಿ ಎಂದು ಗುಂಡು ಹೊಡೀತೀರಾ ಎಂದು ಸ್ಟೈಕನ್‌ಗೆ ಕೇಳಿದರಂತೆ. ಇಲ್ಲ ಎಂದರಂತೆ ಆತ. ಪಾಲಿಶ್ ಮಾಡುವ ಒಬ್ಬ ಮೆಕ್ಯಾನಿಕ್ ಇದನ್ನು ಮಾಡಬಹುದಲ್ಲವೇ ಎಂದೂ ವಾದವಾಯಿತು. ಪಾಲಿಶ್ ಮಾಡಬಹುದು, ಈ ರೂಪ ಅವನ ತಲೆಗೆ ಹೊಳೆಯಬೇಕಲ್ಲ ಎಂಬ ಉತ್ತರ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಕಡೆಯಿಂದ ಬಂತು. 1928ರ ನವೆಂಬರಿನಲ್ಲಿ ತೀರ್ಪು ಬ್ರಾಂಕುಶಿಯ ಕಡೆಗಾಯಿತು. ಹಕ್ಕಿಯ ಹಾಗೆ ಕಾಣದಿದ್ದರೂ ಅದು ಶಿಲ್ಪವೇ ಎಂದರು ಜಡ್ಜ್‌ಗಳು.

"ಕೋರ್ಟು ಒಪ್ಪಿತು. ನಿಮ್ಮಮ್ಮನ್ನ ಒಪ್ಪಿಸೋದು ನಿನ್ನ ಕೆಲಸ" ಎಂದು ಮೇಷ್ಟ್ರು ಟೀ ಕುಡಿಯಲು ಹೊರಟರು.

ಅವರ ಪಾಠ ಕಾಲೇಜಿನ ಒಳಗೇ ನಡೆಯಬೇಕು ಅಂತೇನೂ ಇರಲಿಲ್ಲ. ಒಂದು ಬೆಳಿಗ್ಗೆ ನಮ್ಮನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ ನಂದಿಯ ಹತ್ತಿರ ನಿಲ್ಲಿಸಿದರು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ಏಕಶಿಲೆಯ ನಂದಿ. ಎಲ್ಲರೂ ಮುಂದೆ ನಿಂತು ಕೈಮುಗಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೇಷ್ಟ್ರು ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋದರು. "ಗಂಟೆ, ಸರ ಎಲ್ಲಾ ಮನಸ್ಸಲ್ಲೇ ತೆಗೆದಿಡಿ. ಈಗ ಏನು ಉಳೀತು?" ಯಾರೂ ಮಾತಾಡಲಿಲ್ಲ. ಎಣ್ಣೆ ಹೀರಿ ಕಪ್ಪಾದ ಆ ಬೆನ್ನು, ತೊಡೆ, ಹಿಣಿಲು ಮಾತ್ರ ಎದುರಿಗಿತ್ತು. ನಮ್ಮಲ್ಲೊಬ್ಬ ರೈತರ ಹುಡುಗ ಮೆಲ್ಲಗೆ "ಮಲಗಿದ ಎತ್ತಿನ ಭಾರ ಸಾರ್" ಎಂದ. ಮೇಷ್ಟ್ರು ಅವನಿಗೆ ಅಗ್ರಹಾರದಲ್ಲಿ ಮಸಾಲೆ ದೋಸೆ ಕೊಡಿಸಿದರು. ನಮಗೆಲ್ಲ ಬರೀ ಕಾಫಿ.

ಇಂದೋರಿನ ಕಥೆ ಹೇಳುವಾಗ ಮಾತ್ರ ಅವರ ದನಿ ಸಪ್ಪೆಯಾಗುತ್ತಿತ್ತು. ಅಲ್ಲಿನ ಮಹಾರಾಜ ಯಶವಂತರಾವ್ ಹೋಳ್ಕರ್ ಬ್ರಾಂಕುಶಿಯ ಮೂರು ಹಕ್ಕಿಗಳನ್ನು ಕೊಂಡರು. ಒಂದು ಕಂಚು, ಒಂದು ಬಿಳಿ ಅಮೃತಶಿಲೆ, ಒಂದು ಕಪ್ಪು ಅಮೃತಶಿಲೆ. ಅವುಗಳಿಗಾಗಿ ಒಂದು ಧ್ಯಾನಮಂದಿರ ಕಟ್ಟುವ ಮಾತಾಯಿತು. ನಡುವೆ ನೀರಿನ ಕೊಳ, ಸುತ್ತ ಹಕ್ಕಿಗಳು. ಆ ಕೆಲಸಕ್ಕೆಂದು ಬ್ರಾಂಕುಶಿ 1938ರ ಆರಂಭದಲ್ಲಿ ಇಂದೋರಿನಲ್ಲೇ ಇದ್ದ. ಮಂದಿರ ಏಳಲೇ ಇಲ್ಲ. ಆ ಎರಡು ಅಮೃತಶಿಲೆಯ ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ. "ಕಟ್ಟಿದ್ದರೆ ಎರಡು ರೈಲು ಬದಲಾಯಿಸಿ ಹೋಗಿ ನೋಡಿಕೊಂಡು ಬರ್ತಿದ್ವಿ" ಎನ್ನುತ್ತಿದ್ದರು ಮೇಷ್ಟ್ರು. ಅವರು ಬ್ರಾಂಕುಶಿಯ ಒಂದು ಕೆಲಸವನ್ನೂ ಕಣ್ಣಾರೆ ನೋಡಲಿಲ್ಲ. ಎಲ್ಲ ಆ ದಾರ ಹಾಕಿದ ಪುಸ್ತಕದಲ್ಲೇ.

ಅದೇ 1938ರಲ್ಲಿ ಬ್ರಾಂಕುಶಿ ತನ್ನ ಹುಟ್ಟೂರಿನ ಹತ್ತಿರದ ತಿರ್ಗು ಜಿಯು ಪಟ್ಟಣದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಕೊನೆಯಿಲ್ಲದ ಕಂಬ ನಿಲ್ಲಿಸಿದ. ಎರಕದ ಕಬ್ಬಿಣದ ಮಣಿಗಳನ್ನು ಒಂದರ ಮೇಲೊಂದು ಪೋಣಿಸಿದ ಹಾಗೆ, 29 ಮೀಟರಿಗಿಂತ ಎತ್ತರ. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಇದನ್ನು ಎಳೆದು ಉರುಳಿಸಲು ನೋಡಿದರಂತೆ, ಆಗಲಿಲ್ಲ. 2024ರಲ್ಲಿ ಯುನೆಸ್ಕೋ ಆ ಜಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಸುದ್ದಿ ಮೊಬೈಲಿನಲ್ಲಿ ಓದಿದಾಗ ಮೇಷ್ಟ್ರಿಗೆ ಫೋನ್ ಮಾಡೋಣ ಎಂದು ನಂಬರ್ ಹುಡುಕಿದೆ. ಆಮೇಲೆ ನೆನಪಾಯಿತು. ನಿಜ ಹೇಳಬೇಕೆಂದರೆ ಆ ಕಂಬ ನನಗೆ ಅಷ್ಟೇನೂ ಹಿಡಿಸಿಲ್ಲ, ಮಲಗಿದ ಆ ತಲೆಯೇ ನನಗೆ ಜಾಸ್ತಿ. ಇದನ್ನು ಅವರ ಹತ್ತಿರ ಹೇಳುವ ಧೈರ್ಯ ಎಂದೂ ಆಗಲಿಲ್ಲ.

ನನ್ನ ಗುಂಡಿನ ಕಥೆ ಇನ್ನೂ ಇದೆ. ಅವ್ವ ಅದನ್ನು ಹಿತ್ತಿಲ ಬೇವಿನ ಮರದ ಬುಡದಲ್ಲಿ ಇಟ್ಟಳು. ಕೆಲವು ತಿಂಗಳಾದ ಮೇಲೆ ನೋಡಿದರೆ ಅದಕ್ಕೆ ಅರಿಶಿನ ಕುಂಕುಮ! ಪಕ್ಕದ ಮನೆ ಅಜ್ಜಿಯ ಕೆಲಸ. ನುಣ್ಣಗಿನ ಕಪ್ಪು ಕಲ್ಲು ಮರದ ಕೆಳಗೆ ಇದ್ದರೆ ನಮ್ಮ ಕಡೆ ಬೇರೆ ಏನಾಗಬೇಕು? ಮಾರಮ್ಮನಿಗೆ ಮೂಗು ಬಾಯಿ ಇರಲೇಬೇಕು ಎಂದು ನಮ್ಮೂರಲ್ಲಿ ಯಾರೂ ಕೇಳಿದವರಿಲ್ಲ. ಅಜ್ಜಿ ಬೇಜಾರಾಗುತ್ತಾಳೆ ಎಂದು ನಾನೂ ಸುಮ್ಮನಿದ್ದೆ.

ಮೇಷ್ಟ್ರು ರಿಟೈರ್ ಆದ ಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಹೊಸ ಬೆಲ್ಲದ ಕಾಲ. ಹಿತ್ತಿಲಿಗೆ ಹೋದವರು ಕುಂಕುಮದ ಕಲ್ಲು ನೋಡಿ ಸ್ವಲ್ಪ ಹೊತ್ತು ನಿಂತರು. ಅಜ್ಜಿಯನ್ನು ಕೂಗಿ ಕೇಳಿದರು, "ಎತ್ತಿ ನೋಡಲಾ ತಾಯಿ?" ಅವಳು ಹೂಂ ಎಂದಳು. ಜಗಲಿಯ ಮೇಲೆ ಕೂತು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಅಂಗೈ ಆಡಿಸಿದರು. ಅಂಗೈಯೆಲ್ಲ ಕೆಂಪಾಯಿತು.

"ಇಲ್ಲಿ ಇನ್ನೂ ಉಬ್ಬಿದೆ ಕಣಯ್ಯಾ. 600 ನಂಬರ್ ಪೇಪರ್ ಇದೆಯಾ?"

ಅಂಗಡಿಯಿಂದ ತರಿಸಿದೆ. ಚೊಂಬಿನಲ್ಲಿ ನೀರು ಇಟ್ಟುಕೊಂಡು ಊಟದ ಹೊತ್ತಿನವರೆಗೂ ತಿಕ್ಕಿದರು. ನಾನು ಮಾಡ್ತೀನಿ ಎಂದರೂ ಕೊಡಲಿಲ್ಲ. ಅವ್ವ ಎರಡು ಸಲ ಕರೆದ ಮೇಲೆ ಎದ್ದು ಕೈ ತೊಳೆದು ಒಳಗೆ ಬಂದರು. ತಟ್ಟೆಯಲ್ಲಿ ಮುದ್ದೆ ಇತ್ತು, ಹೊಗೆಯಾಡುತ್ತಿತ್ತು. ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಮೇಷ್ಟ್ರು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು, ಬಗ್ಗಿ ಆ ಕಡೆಯಿಂದಲೂ ನೋಡಿದರು.

"ಇದನ್ನ ಎಷ್ಟು ಸುತ್ತು ತಿರುಗಿಸ್ತೀರಮ್ಮ ಕೈಯಲ್ಲಿ?"

"ಸುಡೋ ಮುದ್ದೇನ ಎಣಿಸ್ಕೊಂಡು ಯಾರು ಕಟ್ತಾರೆ ಮೇಷ್ಟ್ರೇ" ಎಂದಳು ಅವ್ವ. "ಆರೋಗ್ತದೆ, ಉಣ್ಣಿ."