ಮೂರೂ ಫೇಸ್ ಬರ್ತಿದೆ ಅಂದಿದ್ದೆ

ಎಲಿವೇಟರ್ ಸೌಂಡ್ ಬದಲಾಗಿದೆ ಅಂತ ಮೊದಲು ಹೇಳಿದ್ದು ಕಾಫಿ ಬೀಜ ಆರಿಸುತ್ತಿದ್ದ ಒಬ್ಬ ಅಜ್ಜಿ. "ಮಗ, ಬೆಳಿಗ್ಗೆ ಇದು ಹಿಂಗೆ ಕೂಗ್ತಿರ್ಲಿಲ್ಲ. ಒಸಿ ನೋಡು" ಅಂದರು.

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಕಾರ್ಖಾನೆ. ಫೆಬ್ರವರಿ ತಿಂಗಳು, ಸೀಸನ್ ಜೋರಾಗಿತ್ತು. ಸಕಲೇಶಪುರ, ಬೇಲೂರು ಕಡೆಯಿಂದ ಮೂಟೆ ತುಂಬಿದ ಲಾರಿಗಳು ಗೇಟಿನ ಹತ್ತಿರ ಸಾಲಾಗಿ ನಿಂತಿರುತ್ತಿದ್ದವು. ನಾನು ಐಟಿಐನಲ್ಲಿ 2 ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಅಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದೆ. ಆಲೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯ ಎಲೆಕ್ಟ್ರಿಷಿಯನ್‌ರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದರು. ಆ ಹೊತ್ತಿಗೆ ಅವರು ಕಾಫಿ ಸಿಪ್ಪೆ ಬಿಡಿಸುವ ಹಲ್ಲರ್ ಮಷೀನಿನ ಹತ್ತಿರ ಯಾವುದೋ ಕೆಲಸದಲ್ಲಿದ್ದರು. ನಾನೊಬ್ಬನೇ ಹೋದೆ.

ಇಲ್ಲಿ ಎಲಿವೇಟರ್ ಅಂದರೆ ಜನ ಹತ್ತುವ ಲಿಫ್ಟ್ ಅಲ್ಲ. ಉದ್ದನೆ ಬೆಲ್ಟಿಗೆ ಸಾಲಾಗಿ ಸಣ್ಣ ಸಣ್ಣ ಬಕೆಟ್ ಕೂಡಿಸಿರುತ್ತಾರೆ. ಕೆಳಗೆ ಬಿದ್ದ ಬೀಜವನ್ನು ಅದು ಮೇಲೆ ಎತ್ತಿ ಬೀಜವನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಗ್ರೇಡರಿಗೆ ಸುರಿಯುತ್ತದೆ. ಅದನ್ನು ತಿರುಗಿಸೋದು 5 ಎಚ್‌ಪಿಯ ತ್ರೀ ಫೇಸ್ ಮೋಟರ್. ಅದಕ್ಕೆ ಆರ್, ವೈ, ಬಿ ಅಂತ ಮೂರು ಫೇಸ್ ವೈರಿನಲ್ಲೂ ಕರೆಂಟ್ ಬರಬೇಕು. ಹೋಗಿ ಕಿವಿ ಕೊಟ್ಟೆ. ನಿಜ, ಸದ್ದು ಬೇರೆ ಇತ್ತು. ಒಳಗೆ ಏನೋ ಗುರುಗುಟ್ಟಿದ ಹಾಗೆ. ಆದರೂ ಮೋಟರ್ ತಿರುಗುತ್ತಿತ್ತು, ಬೀಜ ಮೇಲೆ ಹೋಗುತ್ತಿತ್ತು.

ಮೋಟರನ್ನು ಆನ್ ಆಫ್ ಮಾಡುವ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದೆ. ಜೇಬಿನಿಂದ ನಿಯಾನ್ ಟೆಸ್ಟರ್ ತೆಗೆದು ಸಪ್ಲೈ ಬರುವ ಮೂರು ಟರ್ಮಿನಲ್ಲಿಗೂ ಇಟ್ಟೆ. ಆರ್ ಉರಿಯಿತು. ವೈ ಉರಿಯಿತು. ಬಿ ಉರಿಯಿತು. "ಅಜ್ಜಿ, ಮೂರೂ ಫೇಸ್ ಬರ್ತಿದೆ, ಏನೂ ತೊಂದ್ರೆ ಇಲ್ಲ" ಅಂದೆ. ಅವರು ಏನೂ ಹೇಳಲಿಲ್ಲ. ಇನ್ನೊಂದು ಸಲ ಮೋಟರ್ ಕಡೆ ನೋಡಿ ಬೀಜ ಆರಿಸೋಕೆ ಕೂತರು.

ಹತ್ತು ನಿಮಿಷಕ್ಕೆ, ಮೋಟರ್ ಜಾಸ್ತಿ ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಯಿತು. ಎಲಿವೇಟರ್ ನಿಂತಿತು. ಕೆಳಗೆ ಬೀಜ ಗುಡ್ಡೆ ಬೀಳತೊಡಗಿತು. ಸೂಪರ್‌ವೈಸರ್ ಕೂಗಿದರು. ಸ್ವಲ್ಪ ಬಿಟ್ಟು ರಿಸೆಟ್ ಒತ್ತಿ ಸ್ಟಾರ್ಟ್ ಕೊಟ್ಟೆ. ಮೋಟರ್ "ಊಂ..." ಅಂತು, ತಿರುಗಲಿಲ್ಲ. ಐದಾರು ಸೆಕೆಂಡಿಗೆ ಮತ್ತೆ ಟ್ರಿಪ್. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿದೆ. ಮತ್ತೆ ಅದೇ. ಮೂರನೇ ಸಲ ಒತ್ತಿದಾಗ ಮೋಟರ್ ಒಳಗಿನ ತಂತಿಗೆ ಬಳಿದ ವಾರ್ನಿಶ್ ಬಿಸಿಯಾದ ವಾಸನೆ ಬಂತು. ಮೋಟರ್ ರಿಪೇರಿ ಅಂಗಡಿಯ ಒಳಗೆ ಹೋದರೆ ಬರುತ್ತದಲ್ಲ, ಆ ವಾಸನೆ. ನಾಲ್ಕನೇ ಸಲಕ್ಕೆ ಕೈ ಎತ್ತಿದ್ದೆ. ಹಿಂದಿನಿಂದ ಬಂದ ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಯಾಕೆ ಟ್ರಿಪ್ ಆಯ್ತು?"

"ಗೊತ್ತಿಲ್ಲ ಅಣ್ಣ. ಸಪ್ಲೈ ಸರಿ ಇದೆ, ಮೂರೂ ಫೇಸ್ ನೋಡ್ದೆ."

"ಯಾವುದ್ರಲ್ಲಿ ನೋಡ್ದೆ?"

ಟೆಸ್ಟರ್ ತೋರಿಸಿದೆ. ಅವರು ಬೈಯಲಿಲ್ಲ. "ಸರಿ, ಈಗ ಮೋಟರ್ ನಿಂತಿದೆ. ಅದೇ ಜಾಗದಲ್ಲಿ ಇನ್ನೊಂದ್ಸಲ ಇಡು" ಅಂದರು. ಆರ್ ಉರಿಯಿತು. ಬಿ ಉರಿಯಿತು. ವೈ ಉರಿಯಲಿಲ್ಲ. ಅದೇ ಟರ್ಮಿನಲ್, ಅದೇ ಟೆಸ್ಟರ್, ಅದೇ ಕೈ.

ಮಲ್ಟಿಮೀಟರ್ ತಂದು ಫೇಸಿಂದ ಫೇಸಿಗೆ ನೋಡಿಸಿದರು. ಆರ್ ಮತ್ತು ಬಿ ನಡುವೆ 415 ವೋಲ್ಟ್ ಹತ್ತಿರ. ವೈ ಜೊತೆ ಹಿಡಿದರೆ ಏನೂ ಇಲ್ಲ. ವೈ ಫೇಸಿನ ಫ್ಯೂಸ್ ಹೋಗಿತ್ತು. ಹಾಗಾದರೆ ಆಗ ಉರಿದಿದ್ದು ಏನು? ಓಡುತ್ತಿರುವ ಮೋಟರಿಗೆ ಒಂದು ಫೇಸ್ ತಪ್ಪಿದರೂ ಅದು ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡರಲ್ಲೇ ಕಷ್ಟಪಟ್ಟು ತಿರುಗುತ್ತದೆ. ತಿರುಗುವಾಗ ಅದರೊಳಗಿನ ತಂತಿ ಸುತ್ತಿನಿಂದಲೇ, ಅಂದರೆ ವೈಂಡಿಂಗಿನಿಂದಲೇ, ಆ ಸತ್ತ ವೈರಿಗೆ ವೋಲ್ಟೇಜ್ ವಾಪಸ್ ಬರುತ್ತದೆ. ನಿಯಾನ್ ಟೆಸ್ಟರಿಗೆ ಅಷ್ಟು ಸಾಕು. ಕರೆಂಟ್ ಲೈನಿಂದ ಬಂತೋ ಮೋಟರಿಂದ ಬಂತೋ ಅಂತ ಅದಕ್ಕೆ ತಿಳಿಯೋದಿಲ್ಲ. ಸ್ಟಾರ್ಟರನ್ನು ಆನ್ ಆಗಿ ಹಿಡಿದಿಡುವ ಕಾಯಿಲ್‌ಗೆ ಕರೆಂಟ್ ಆರ್ ಮತ್ತು ಬಿ ಇಂದ ಬರುತ್ತಿತ್ತು, ಹಾಗಾಗಿ ಅದೂ ಬಿಡಲಿಲ್ಲ. ಆದರೆ ಒಮ್ಮೆ ನಿಂತ ಮೋಟರ್ ಎರಡೇ ಫೇಸಲ್ಲಿ ಹೊರಡಲ್ಲ. ಸುಮ್ನೆ ಗುಂಯ್‌ಗುಟ್ಟಿಕೊಂಡು, ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ನಾನು ಮೂರು ಸಲ ರಿಸೆಟ್ ಒತ್ತಿ ಮಾಡಿಸಿದ್ದು ಅದನ್ನೇ.

ಹೀಗೆ ಒಂದು ಫೇಸ್ ತಪ್ಪಿಹೋಗೋದಕ್ಕೆ ಸಿಂಗಲ್ ಫೇಸಿಂಗ್ ಅನ್ನುತ್ತಾರೆ. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಚಿತ್ರ ಸಮೇತ. ಐಟಿಐ ಮೇಷ್ಟ್ರ ಬಗ್ಗೆ ನನಗೆ ತುಂಬ ಗೌರವ ಇದೆ. ಬೋರ್ಡ್ ಮೇಲೆ ವೈರಿಂಗ್ ಮಾಡಿದ ಮೇಲೆ ಒಂದೊಂದು ವೈರನ್ನೂ ಬೆರಳಿಟ್ಟು ತೋರಿಸದೆ ಸ್ವಿಚ್ ಹಾಕಲು ಬಿಡುತ್ತಿರಲಿಲ್ಲ. ಆದರೆ ವರ್ಕ್‌ಶಾಪಿನ ಮೋಟರ್ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ಶಾಫ್ಟಿಗೆ ಬೆಲ್ಟ್ ಇಲ್ಲ, ಲೋಡ್ ಇಲ್ಲ. ಒತ್ತಿದರೆ ತಿರುಗಿತು, ಪಾಸ್. ಹುಡುಗರಿಗೆ ಹೇಳದೆ ಒಂದು ಫ್ಯೂಸ್ ತೆಗೆದಿಟ್ಟು "ಹುಡುಕಿ" ಅಂತ ಬಿಟ್ಟಿದ್ದರೆ? ವಾರಕ್ಕೆ ಒಂದು ಗಂಟೆ ಹಾಗೆ ಕೊಟ್ಟಿದ್ದರೂ ಸಾಕಿತ್ತು. ಕೆಟ್ಟು ನಿಂತ ಮೋಟರ್ ಮುಂದೆ, ಸೂಪರ್‌ವೈಸರ್ ಕೂಗುತ್ತಿರುವಾಗ, ತಲೆ ಹೇಗೆ ಓಡಿಸಬೇಕು ಅನ್ನೋದು ಪುಸ್ತಕದಿಂದ ಕೈಗೆ ಇಳಿಯೋದಿಲ್ಲ, ಅಲ್ವಾ?

ನಮ್ಮೂರಲ್ಲೂ ಇದೇ ಕಥೆ. ಅಪ್ಪನ ಪಂಪ್‌ಸೆಟ್ ಮೋಟರ್ ಎರಡು ಸಲ ಸುಟ್ಟಿತ್ತು. ಎರಡು ಸಲವೂ ಬಿಚ್ಚಿ, ಹೊತ್ತು, ರಿವೈಂಡಿಂಗ್ ಮಾಡಿಸಿ ತಂದು ಕೂರಿಸಿದ್ದೆವು. ಫ್ಯೂಸ್ ವೈರ್ ಒಂದರ ಬದಲು ಎರಡೆಳೆ ಹಾಕಿಕೊಟ್ಟವರೂ ಇದ್ದರು. ಯಾಕೆ ಸುಟ್ಟಿತು ಅಂತ ಕೇಳಿದವರು ಯಾರೂ ಇಲ್ಲ. ಒಂದು ಫೇಸ್ ಹೋದರೆ ಮೋಟರನ್ನು ನಿಲ್ಲಿಸುವ ಪ್ರಿವೆಂಟರ್ ಅಂತ ಒಂದು ಇದೆ ಅನ್ನೋದು ಅಪ್ಪನಿಗೆ ತಿಳಿದಿರಲಿಲ್ಲ. ಅವತ್ತು ಆ ವಾರ್ನಿಶ್ ವಾಸನೆ ಬಂದಾಗ ನನಗೆ ಮೊದಲು ನೆನಪಾಗಿದ್ದು ಅಪ್ಪನ ಮುಖ.

ಅಣ್ಣ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿಗೆ ಹಾಕಿದರು. "ಕೈ ಇಡೋನು ನೀನು, ಕೀ ನಿನ್ನತ್ರಾನೇ ಇರ್ಬೇಕು." ಆಮೇಲೆ ಟೆಸ್ಟ್ ಲ್ಯಾಂಪ್. ಎರಡು ಬಲ್ಬ್ ಸೀರೀಸಿನಲ್ಲಿ ಕಟ್ಟಿದ್ದು, ಯಾಕೆಂದರೆ 415 ವೋಲ್ಟಿಗೆ ಒಂದೇ ಬಲ್ಬ್ ತಡೆಯಲ್ಲ. ಮೊದಲು ಕರೆಂಟ್ ಇರುವ ಇನ್ನೊಂದು ಬೋರ್ಡಿನಲ್ಲಿ ಉರಿಸಿ ನೋಡಿಸಿದರು. ಆಮೇಲೆ ನಮ್ಮ ಬೋರ್ಡಿನಲ್ಲಿ, ಉರಿಯಲಿಲ್ಲ. ಮತ್ತೆ ವಾಪಸ್ ಹೋಗಿ ಮೊದಲಿನ ಬೋರ್ಡಿನಲ್ಲಿ. ನಡುವೆ ಬಲ್ಬೇ ಹೋಗಿದ್ದರೆ? ಅದಕ್ಕೆ.

ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಮೂರನ್ನೂ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಎರಡರ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿತ್ತು. ಮೂರನೆಯದು ಕಪ್ಪಗೆ, ಸುಟ್ಟ ಬೆಲ್ಲದ ಹಾಗೆ. ಬೇಸಿನಲ್ಲಿ ಕೂರಿಸಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತಿತ್ತು. ಅಲ್ಲಿನ ಹಿಡಿತ ಸಡಿಲವಾಗಿ ಎಷ್ಟು ದಿನದಿಂದ ಬಿಸಿಯಾಗುತ್ತಿತ್ತೋ, ಆ ಬಿಸಿಗೆ ಫ್ಯೂಸ್ ವೈರ್ ಸ್ಕ್ರೂ ಹತ್ತಿರವೇ ಕರಗಿತ್ತು. ಸುತ್ತ ಕಾಫಿ ಹೊಟ್ಟಿನ ಧೂಳು ಒಂದು ಪದರ ಕೂತಿತ್ತು. ಬರೀ ವೈರ್ ಹಾಕಿ ಮುಚ್ಚಿದ್ದರೆ ಇನ್ನೊಂದು ವಾರಕ್ಕೆ ಇದೇ ಪಾಡು. ಬೇಸ್ ಸಮೇತ ಬದಲಾಯಿಸಿದೆವು. ಧೂಳು ಒರೆಸಿ, ಬೇರೆ ಸ್ಕ್ರೂಗಳನ್ನೂ ಬಿಗಿ ಮಾಡಿದೆವು.

ಮೋಟರಿಗೆ ಇನ್ಸುಲೇಷನ್ ನೋಡುವ ಮೆಗ್ಗರ್ ಮೀಟರ್ ಹಾಕಿದೆವು. ವೈಂಡಿಂಗಿಗೂ ಬಾಡಿಗೂ ನಡುವೆ ಇನ್ಸುಲೇಷನ್ ಚೆನ್ನಾಗಿಯೇ ಇತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅಣ್ಣ ಅಷ್ಟಕ್ಕೆ ಒಪ್ಪಲಿಲ್ಲ. ವೈಂಡಿಂಗಿನ ಸುತ್ತು ಸುತ್ತಿನ ನಡುವೆ ಶಾರ್ಟ್ ಆಗಿದ್ದರೆ ಮೆಗ್ಗರಿಗೆ ಗೊತ್ತಾಗಲ್ಲ, ಓಡಿಸಿ ಕರೆಂಟ್ ನೋಡಬೇಕು ಅಂದರು. ಅಷ್ಟರಲ್ಲಿ ಹೆಂಗಸರು ಕೆಳಗಿನ ಗುಡ್ಡೆಯನ್ನು ಪುಟ್ಟಿಯಲ್ಲಿ ತುಂಬಿ ಜಾಗ ಬಿಡಿಸಿದ್ದರು.

ಬೀಗ ತೆಗೆದು ಸ್ಟಾರ್ಟ್ ಕೊಟ್ಟೆ. ಒಂದೇ ಸಲಕ್ಕೆ ಹೊರಟಿತು. ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ನನ್ನ ಕೈಗೇ ಕೊಟ್ಟರು. 5.1 ಆಂಪಿಯರ್. 5.3. 5.2. ಮೂರೂ ಫೇಸ್ ಹತ್ತಿರ ಹತ್ತಿರ. ಬುಕ್ಕಿನಲ್ಲಿ ಬರೆಯುವಾಗ ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು.

"ಹೋಗಿ ಆ ಅಜ್ಜೀನ ಒಂದ್ಮಾತು ಕೇಳ್ಕೊಂಡು ಬಾ" ಅಂದರು ಅಣ್ಣ.

ಹೋಗಿ ಪಕ್ಕದಲ್ಲಿ ಕೂತು ಕೇಳಿದೆ. ಅವರು ಬೀಜದ ರಾಶಿಯಲ್ಲಿ ಬೆರಳು ಹಾಗೆಯೇ ಇಟ್ಟುಕೊಂಡು ಒಂದು ಗಳಿಗೆ ಕಿವಿಗೊಟ್ಟರು.

"ಹ್ಞೂಂ. ಈಗ ಸರಿ ಐತೆ ಮಗ" ಅಂದು ಒಂದು ಕಪ್ಪು ಬೀಜ ಆರಿಸಿ ಪಕ್ಕಕ್ಕೆ ಹಾಕಿದರು.