ಡೀಸೆಲ್ ಮುಳ್ಳು ಕೊನೆಗೂ ಎದ್ದಿತು: ಹಳೇ ಬೋಟಿನ ಗೇಜ್ ಕೆಲಸ

ಹೋದ ಡಿಸೆಂಬರಲ್ಲಿ ಚಂದ್ರಗಿರಿ ಅಳಿವೆ ಹತ್ರ ಡೀಸೆಲ್ ಮುಗಿದು ಇಂಜಿನ್ ನಿಂತಿತ್ತು. ಇಳಿತದ ಹೊತ್ತು, ನೀರು ಸಮುದ್ರದ ಕಡೆಗೇ ಎಳೀತಾ ಇತ್ತು, ಲಂಗರು ಹಾಕಿ ಹಿಡಿದು ನಿಲ್ಲಿಸಿದ್ವಿ, ಕ್ಯಾನಲ್ಲಿದ್ದ 5 ಲೀಟರ್ ಹೊಯ್ದರೂ ಪೈಪಲ್ಲಿ ಏರ್ ಹಿಡಿದಿತ್ತು, ಅದನ್ನು ಬಿಡಿಸಿ ಸ್ಟಾರ್ಟ್ ಮಾಡುವಾಗ ಪೂರ್ತಿ ಕತ್ತಲೆ. ಮಗಳು ಜೊತೆಗಿದ್ದಳು. ಈ ಬೋಟು ತಗೊಂಡ ದಿನದಿಂದ ಗೇಜಿನ ಮುಳ್ಳು ಖಾಲಿಯಲ್ಲೇ ಮಲಗಿದ್ದು, ಕೋಲು ಇಳಿಸಿ ನೋಡುದೇ ನಮ್ಮ ಅಳತೆ, ಅವತ್ತು ಅದೂ ಮಾಡಿರ್ಲಿಲ್ಲ. ಹಾಗಾಗಿ ಮಳೆಗಾಲಕ್ಕೆ ಬೋಟು ದಡಕ್ಕೆ ಹಾಕಿದ ಕೂಡಲೇ ಮೊದಲು ಇದನ್ನೇ ಹಿಡಿದೆ.

ಮೊದಲ ಭಾನುವಾರ. ಎಲ್ಲರೂ ಹೊಸ ಗೇಜ್ ಹಾಕು ಅಂದ್ರು. ಬಿಚ್ಚುವ ಮುಂಚೆ ಮೀಟರ್ ಹಿಡಿದೆ. ಹಿಂದೆ ಮೂರು ಟರ್ಮಿನಲ್ ಇರ್ತದೆ: ಕೀ ಆನ್ ಮಾಡಿದ್ರೆ ಕರೆಂಟ್ ಬರುದು ಒಂದು, ಟ್ಯಾಂಕಿನೊಳಗೆ ತೋಳಿನ ತುದಿಯಲ್ಲಿ ತೇಲುವ ಬೆಂಡಿಟ್ಟು ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಯೂನಿಟ್‌ನಿಂದ ಬರುವ ವೈರಿಂದು ಒಂದು, ಅರ್ತ್ ಒಂದು. ಕೀ ಆನ್ ಮಾಡಿದಾಗ 12.5 ವೋಲ್ಟ್ ಸರಿಯಾಗಿ ಬರ್ತಾ ಇತ್ತು. ಫ್ಲೋಟಿನ ಟರ್ಮಿನಲ್ಲನ್ನು ಒಂದು ತುಂಡು ವೈರಲ್ಲಿ ಅರ್ತಿಗೆ ಮುಟ್ಟಿಸಿದೆ, ಇಷ್ಟು ವರ್ಷ ಅಲ್ಲಾಡದ ಮುಳ್ಳು ನಿಧಾನಕ್ಕೆ ಎದ್ದು ಫುಲ್ಲಿಗೆ ಹೋಯ್ತು! ಅಂದ್ರೆ ಗೇಜ್ ಚೆನ್ನಾಗಿಯೇ ಉಂಟು, ದುಡ್ಡು ಉಳೀತು.

ಮತ್ತೆ ಟ್ಯಾಂಕ್ ಹತ್ರ ಹೋಗಿ ಅದೇ ಪರೀಕ್ಷೆ. ಫ್ಲೋಟಿನ ವೈರನ್ನು ಅದರ ಪಕ್ಕದ ಕಪ್ಪು ವೈರಿಗೆ ಮುಟ್ಟಿಸಿದ್ರೆ ಏನೂ ಇಲ್ಲ, ಬ್ಯಾಟರಿಯ ನೆಗೆಟಿವ್‌ನಿಂದ ಉದ್ದ ವೈರ್ ಎಳ್ಕೊಂಡು ಬಂದು ಮುಟ್ಟಿಸಿದ್ರೆ ಮುಳ್ಳು ಫುಲ್. ಕೆಟ್ಟದ್ದು ಕಪ್ಪು ವೈರ್ ಅಂತ ಅಲ್ಲಿಗೆ ಖಾತ್ರಿ. (ನಮ್ಮದು ಡೀಸೆಲ್. ಪೆಟ್ರೋಲ್ ಟ್ಯಾಂಕ್ ಹತ್ರ ಹೀಗೆ ವೈರ್ ಮುಟ್ಟಿಸ್ಲೇಬೇಡಿ, ಒಂದು ಕಿಡಿ ಸಾಕು.) ಪಕ್ಕದ ಬೋಟಿನ ಇಚ್ಚ ಮೊದಲೇ ಹೇಳಿದ್ರು, "ಉಪ್ಪುಗಾಳಿಯಲ್ಲಿ ಮೊದಲು ಸಾಯುದು ಅರ್ತೇ, ಅದನ್ನು ನೋಡು" ಅಂತ.

ಹೊರಗಿಂದ ನೋಡಿದ್ರೆ ವೈರ್ ಹೊಸದರ ಹಾಗೆ. ವೈರಿನ ತುದಿಗೆ ಒತ್ತಿದ ಲೋಹದ ಲಗ್ಗಿನ ಹತ್ರ ಸಿಪ್ಪೆ ಸುಲಿದೆ, ಒಳಗೆ ತಾಮ್ರವೇ ಇಲ್ಲ, ಹಸಿರು ಕಿಲುಬಿನ ಪುಡಿ, ಬೆರಳಲ್ಲಿ ಹಿಡಿದ್ರೆ ಉದುರ್ತಾ ಇತ್ತು. ಒಂದಡಿ ಕಡಿದೆ ಅಲ್ಲೂ ಕಪ್ಪು, ಎರಡಡಿ ಕಡಿದೆ ಅಲ್ಲೂ ಕಪ್ಪು, ಕಡೆಗೆ ಪೂರ್ತಿ ತೆಗೆದು ತವರ ಲೇಪನದ ವೈರ್ ಎಳೆದು, ಲಗ್ ಒತ್ತಿ, ಒಳಗೆ ಅಂಟು ಇರುವ ಟ್ಯೂಬ್ ಬಿಸಿ ಮಾಡಿ ಮುಚ್ಚಿದೆ.

ಎರಡನೇ ಭಾನುವಾರ. ಮುಳ್ಳು ಈಗ ಏಳುತ್ತೆ, ಆದ್ರೆ ಅರ್ಧದ ಹತ್ರ ಬಂದಾಗ ತಟ್ಟನೆ ಸೊನ್ನೆಗೆ ಬೀಳುತ್ತೆ. ಬ್ಯಾಟರಿ ಬಿಚ್ಚಿಟ್ಟು ಫ್ಲೋಟ್ ಯೂನಿಟ್ ಮೇಲೆ ತೆಗೆದೆ, ಐದು ಸ್ಕ್ರೂ. ತೂತುಗಳು ಸಮ ಅಂತರದಲ್ಲಿಲ್ಲ, ಹಾಗಾಗಿ ತಿರುಗಿಸಿ ಹಾಕುವಾಗ ತಪ್ಪಾಗುದಿಲ್ಲ, ಒಂದೇ ರೀತಿ ಕೂರುತ್ತೆ. ಮೀಟರನ್ನು ಓಮಿಗೆ, ಅಂದ್ರೆ ಕರೆಂಟಿಗೆ ಎಷ್ಟು ತಡೆ ಅಂತ ಅಳೆಯುದಕ್ಕೆ ಇಟ್ಟು ಕೈಯಲ್ಲಿ ತೋಳನ್ನು ಎತ್ತುತ್ತಾ ಹೋದೆ: ಕೆಳಗೆ 238, ಹಾಗೇ ಇಳೀತಾ 150, ನಡುವಲ್ಲಿ ಏನೂ ಇಲ್ಲ, ಸರ್ಕ್ಯೂಟೇ ಕಟ್, ಮತ್ತೆ 60, ತುದಿಯಲ್ಲಿ 35. ನಾವು ಯಾವಾಗ್ಲೂ ಅರ್ಧ ಟ್ಯಾಂಕಲ್ಲೇ ಓಡಿಸುದು, ಅಲೆಗೆ ತೋಳು ಅಲ್ಲೇ ಉಜ್ಜಿ ಉಜ್ಜಿ ಒಳಗಿನ ತೆಳು ತಂತಿ ಸವೆದು ಹೋಗಿದೆ.

ಹೊಸ ಯೂನಿಟ್ ತರಲಿಕ್ಕೆ ಮಂಗಳೂರು ಬಂದರಿಗೆ ಹೋದೆ, ಮೀಟರ್ ಜೇಬಲ್ಲಿ ಹಾಕ್ಕೊಂಡೇ. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ನೋಡ್ಲಿಕ್ಕೆ ಅದೇ, ಐದೇ ತೂತು, ಆದ್ರೆ ಅಳೆದಾಗ ತೋಳು ಕೆಳಗಿದ್ರೆ 10, ಮೇಲಿದ್ರೆ 180. ಅದು ಯೂರೋಪಿನ ಲೆಕ್ಕ. ನನ್ನ ಗೇಜ್ ಅಮೆರಿಕದ ಲೆಕ್ಕದ್ದು, ಖಾಲಿಗೆ 240, ತುಂಬಿದ್ರೆ 33. ಇದು ಬರೀ ನಂಬರಿನ ವ್ಯತ್ಯಾಸ ಅಲ್ಲ ಮಾರಾಯ್ರೆ, ಅದನ್ನು ಹಾಕಿದ್ರೆ ಟ್ಯಾಂಕ್ ಖಾಲಿಯಾದಾಗ ಮುಳ್ಳು ಫುಲ್ ತೋರಿಸ್ತದೆ. ಅಳಿವೆಯಲ್ಲಿ ಅಂಥ ಗೇಜ್ ಇರುದಕ್ಕಿಂತ ಇಲ್ಲದೇ ಇರುದು ಲೇಸು. ಸರಿಯಾದ್ದನ್ನು ಹುಡುಕಿಸಿ ತಂದೆ.

ನಿನ್ನೆ ಕೂರಿಸಿದೆ. ಟ್ಯಾಂಕಿನ ಆಳ 30 ಸೆಂಟಿಮೀಟರ್, ತೋಳಿನ ಕೀಲು ಸರಿಯಾಗಿ ನಡುವಿಗೆ ಬರುವ ಹಾಗೆ ಉದ್ದ ಹೊಂದಿಸಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ. ಆಮೇಲೆ ಖಾಲಿ ಟ್ಯಾಂಕಿಗೆ 5 ಲೀಟರ್ ಕ್ಯಾನಲ್ಲಿ ಹೊಯ್ಯುತ್ತಾ ಪ್ರತಿ ಸಲ ಮುಳ್ಳು ಎಲ್ಲಿ ಅಂತ ಬರೆದುಕೊಂಡೆ. ಬೋಟಿನ ತಳದ ಹಾಗೆ ಟ್ಯಾಂಕಿನ ಅಡಿಯೂ ಚೂಪು, ಹಾಗಾಗಿ ಮುಳ್ಳು ಅರ್ಧಕ್ಕೆ ಬಂದಾಗ 60ರಲ್ಲಿ 30 ಲೀಟರ್ ಇರುದಿಲ್ಲ, ಬರೀ 22. ಕಾಲು ಭಾಗಕ್ಕೆ ಬಂದಾಗ 8. ಮಗಳು ಗೇಜಿನ ಗಾಜಿನ ಮೇಲೆ ಆ 8ರ ಜಾಗದಲ್ಲಿ ಉಗುರಿನ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾಳೆ, ಮುಳ್ಳು ಅಲ್ಲಿಗೆ ಬಂದ್ರೆ ದಡಕ್ಕೆ ತಿರುಗಿಸುದು. ಕೋಲು ಬೋಟಲ್ಲೇ ಉಂಟು, ಅಳಿವೆ ದಾಟುವ ಮುಂಚೆ ಅದನ್ನೂ ಇಳಿಸಿ ನೋಡುದು ಬಿಡುದಿಲ್ಲ.