ಗುಳೇದಗುಡ್ಡದ ಮಗ್ಗ ಮತ್ತು 1250 ಐಎಸ್‌ಒ

ಗುಳೇದಗುಡ್ಡದ ನಮ್ಮ ಅಜ್ಜಿ ಮನೆಯ ಓಣಿಯಲ್ಲಿ ಈಗ ಕೈಮಗ್ಗದ ಸದ್ದು ಬರುವುದು ಒಂದೇ ಮನೆಯಿಂದ. ನಾನು ಸಣ್ಣವನಿದ್ದಾಗ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಟಕ್ ಟಕ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ರಜೆಗೆ ಹೋದರೆ ಅದನ್ನು ಕೇಳುತ್ತಲೇ ನಿದ್ದೆ ಹತ್ತುತ್ತಿತ್ತು. ಉಳಿದಿರುವ ಆ ಒಂದು ಮಗ್ಗವನ್ನು ಚೆನ್ನಾಗಿ ವಿಡಿಯೊ ಮಾಡಿ ಇಟ್ಟುಕೊಳ್ಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಹೋದ ಡಿಸೆಂಬರ್‌ನಲ್ಲಿ ಒಂದು ಸಂಜೆ ಕ್ಯಾಮೆರಾ ತಗೊಂಡು ಹೋದೆ.

ಬಾಗಲಕೋಟೆಯಲ್ಲಿ ಮದುವೆ ವಿಡಿಯೊ ಮಾಡುವುದು ನನ್ನ ಕೆಲಸ. ಮದುವೆಯಲ್ಲಿ ದೊಡ್ಡ ಎಲ್‌ಇಡಿ ಲೈಟು ಹಿಡಿದುಕೊಂಡು ಒಬ್ಬ ಹುಡುಗ ಜೊತೆಗೇ ಇರುತ್ತಾನೆ. ಕತ್ತಲೆಯ ಚಿಂತೆ ಇರುವುದಿಲ್ಲ. ಇಲ್ಲಿ ಆ ಲೈಟು ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಅದನ್ನು ಹಚ್ಚಿದರೆ ಆ ಮಗ್ಗ ನೇಯುವ ಕಾಕಾನ ಮನೆ ಕಾಕಾನ ಮನೆಯಾಗಿ ಉಳಿಯುವುದಿಲ್ಲ.

ಅದು ಮಣ್ಣಿನ ಮಾಳಿಗೆ ಮನೆ. ದಪ್ಪ ಗೋಡೆ, ಒಂದು ಸಣ್ಣ ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಗೋಡೆಗೆ ಒಂದು ಹಳೇ ಟ್ಯೂಬ್‌ಲೈಟು. ಮಗ್ಗ ಇರುವುದು ಕುಣಿಯಲ್ಲಿ. ನೇಯುವವರು ಕುಣಿಯ ಅಂಚಿಗೆ ಕೂತು ಕಾಲು ಕೆಳಗೆ ಬಿಟ್ಟು ತುಳಿಯುತ್ತಾರೆ. ಹಾಗಾಗಿ ಬಟ್ಟೆ ನೆಲಕ್ಕೆ ಹತ್ತಿಕೊಂಡಂತೆ ಇರುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಳಕು ಸಿಗುವ ಜಾಗವೇ ಅದು. ಅವತ್ತು ಮಗ್ಗದ ಮೇಲಿದ್ದದ್ದು ಖಣ, ಅಂದರೆ ಕುಪ್ಪಸದ ಬಟ್ಟೆ. ಹಾಸು (ಉದ್ದದ ಎಳೆ) ಕಪ್ಪು, ಹೊಕ್ಕು (ಅಡ್ಡ ಎಳೆ) ಕೆಂಪು. ಇಡೀ ಮೈ ಮೇಲೆ ಸಣ್ಣ ಸಣ್ಣ ಆನೆಹೆಜ್ಜೆಯ ಚಿತ್ರ.

ಕೆಲಸ ಕಲಿಯುವಾಗ ನನಗೆ ಎಲ್ಲರೂ ಹೇಳಿಕೊಟ್ಟ ಮಾತು ಒಂದೇ. ಐಎಸ್‌ಒ (ಚಿತ್ರವನ್ನು ಕ್ಯಾಮೆರಾ ಎಷ್ಟು ಬೆಳಗಿಸಬೇಕು ಅನ್ನುವ ಅಂಕಿ) ಏರಿಸಬೇಡ, ನಾಯ್ಸ್, ಅಂದರೆ ಚಿತ್ರದ ಮೇಲೆ ಕಾಳು ಕಾಳು, ಬರುತ್ತದೆ. ಅದನ್ನೇ ನಂಬಿಕೊಂಡು 800ಕ್ಕೆ ಇಟ್ಟೆ. ಲೆನ್ಸು ಮದುವೆಗೆ ಬಳಸುವ ಅದೇ ಜೂಮ್, ಎಫ್ 2.8. ಎಫ್ ಅಂಕಿ ಕಡಿಮೆಯಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಪರದೆ ಕತ್ತಲೆಯಾಗಿಯೇ ಕಾಣುತ್ತಿತ್ತು. ಮನೆಗೆ ಹೋಗಿ ಬೆಳಗಿಸಿಕೊಂಡರಾಯಿತು ಅಂದುಕೊಂಡೆ.

ರಾತ್ರಿ ಕಂಪ್ಯೂಟರಿನಲ್ಲಿ, ವಿಡಿಯೊ ತಿದ್ದುವ ಡಾವಿಂಚಿ ರಿಸಾಲ್ವ್‌ನಲ್ಲಿ ತೆರೆದು ಬೆಳಕು ಏರಿಸಿದೆ. ಕಪ್ಪು ಎಳೆಗಳ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಕಾಳು ಕಾಳು. ಅವು ಒಂದು ಕಡೆ ನಿಲ್ಲುತ್ತಲೂ ಇರಲಿಲ್ಲ, ಪ್ರತಿ ಫ್ರೇಮಿನಲ್ಲೂ ಕುಣಿಯುತ್ತಿದ್ದವು. ಮೂಲೆಯ ಕತ್ತಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಮನುಷ್ಯರ ಮುಖವಾದರೆ ಸ್ವಲ್ಪ ನಾಯ್ಸ್ ನಡೆಯುತ್ತದೆ, ಯಾರೂ ಗಮನಿಸುವುದಿಲ್ಲ. ಬಟ್ಟೆಯ ಮಾತು ಬೇರೆ. ನಾಯ್ಸ್ ಕಾಳಿನ ಗಾತ್ರವೂ ನೇಯ್ಗೆಯ ಎಳೆಯ ಗಾತ್ರವೂ ಪರದೆ ಮೇಲೆ ಹೆಚ್ಚುಕಡಿಮೆ ಒಂದೇ. ಯಾವುದು ದಾರ, ಯಾವುದು ಕಾಳು, ಗೊತ್ತೇ ಆಗುವುದಿಲ್ಲ. ನಾಯ್ಸ್ ತೆಗೆಯುವ ಸಾಧನ ಹಾಕಿ ನೋಡಿದೆ. ಕಾಳು ಹೋದವು, ಜೊತೆಗೆ ಆನೆಹೆಜ್ಜೆಯೂ ಹೋಯಿತು. ಬಟ್ಟೆಗೆ ಮೇಣ ಬಳಿದಂತೆ ಕಂಡಿತು. ಖಣದ ಜೀವ ಇರುವುದೇ ಆ ಸಣ್ಣ ಚಿತ್ರದಲ್ಲಿ. ಅದನ್ನೇ ಒರೆಸಿ ಹಾಕಿದ ಮೇಲೆ ವಿಡಿಯೊ ಯಾಕೆ ಬೇಕು?

ಮರುದಿನ ಫೋನಿನಲ್ಲಿ ಕಾಕಾಗೆ ಒಂದು ತುಣುಕು ಕಳಿಸಿದೆ. ಅವರು ಹೇಳಿದ್ದು ಇಷ್ಟೇ: "ತಮ್ಮಾ, ಇದರಾಗ ಎಳೀನ ಕಾಣವಲ್ದು."

ನನ್ನದು ಬ್ಲ್ಯಾಕ್‌ಮ್ಯಾಜಿಕ್‌ನ ಪಾಕೆಟ್ 4ಕೆ ಕ್ಯಾಮೆರಾ. ಅದು ತೆಗೆಯುವುದು ರಾ, ಅಂದರೆ ಕಚ್ಚಾ ವಿಡಿಯೊ ಆದ್ದರಿಂದ ಐಎಸ್‌ಒ ಅನ್ನು ಆಮೇಲೆ ಕಂಪ್ಯೂಟರಿನಲ್ಲೂ ಬದಲಿಸಬಹುದು. ಆದರೆ ನನ್ನ 800ರ ವಿಡಿಯೊ ತೆರೆದರೆ ಪಟ್ಟಿ 1000ಕ್ಕೆ ನಿಂತುಬಿಡುತ್ತಿತ್ತು. 1250 ಕೊಡುತ್ತಲೇ ಇರಲಿಲ್ಲ. ಯಾಕೆ ಅಂತ ಹುಡುಕಿದಾಗಲೇ ನಾನು ಕ್ಯಾಮೆರಾ ಜೊತೆ ಬಂದ ಪುಸ್ತಕವನ್ನು ಸರಿಯಾಗಿ ಓದಿದ್ದು. ಈ ಕ್ಯಾಮೆರಾಗೆ ಮೂಲ ಐಎಸ್‌ಒ ಒಂದಲ್ಲ, ಎರಡು: 400 ಮತ್ತು 3200. 100ರಿಂದ 1000ದವರೆಗೆ 400ರ ಗುಂಪು. 1250ರಿಂದ 25,600ರವರೆಗೆ 3200ರ ಗುಂಪು. 1000 ದಾಟಿ 1250ಕ್ಕೆ ಹೋದಾಗ ಬರೀ ಅಂಕಿ ಬದಲಾಗುವುದಿಲ್ಲ, ಒಳಗೆ ದಾರಿಯೇ ಬದಲಾಗುತ್ತದೆ.

ನನಗೆ ಇದು ತಿಳಿದದ್ದು ಜಾತ್ರೆ ನಾಟಕದ ಮೈಕಿನ ಲೆಕ್ಕದಲ್ಲಿ. ಬನಶಂಕರಿ ಜಾತ್ರೆಯ ನಾಟಕ ನೋಡಿದವರಿಗೆ ಸ್ಪೀಕರಿನ ಗೊರಗೊರ ಗೊತ್ತೇ ಇರುತ್ತದೆ, ಅಲ್ವಾ? ಮೈಕಿನಿಂದ ಬರುವ ಸಣ್ಣ ದನಿಯನ್ನು ಶುರುವಿನಲ್ಲೇ ಏರಿಸಿಕೊಂಡರೆ, ಮುಂದೆ ದಾರಿಯಲ್ಲಿ ಸೇರುವ ಗೊರಗೊರ ಅದರ ಮುಂದೆ ಸಣ್ಣದಾಗಿ ಉಳಿಯುತ್ತದೆ. ಹಾಗೇ ಬಿಟ್ಟು ಕೊನೆಗೆ ಸ್ಪೀಕರಿನ ಹತ್ತಿರ ಏರಿಸಿದರೆ ದನಿಯ ಜೊತೆ ಗೊರಗೊರವೂ ಏರುತ್ತದೆ. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರಿನಲ್ಲೂ ಹಾಗೆಯೇ. ಎರಡನೇ ಗುಂಪಿನಲ್ಲಿ ಕ್ಯಾಮೆರಾ ಸಿಗ್ನಲನ್ನು ಮೊದಲೇ ಏರಿಸಿಕೊಳ್ಳುತ್ತದೆ. ನಾನು 800ರಲ್ಲಿ ತೆಗೆದು ಮನೆಯಲ್ಲಿ ಏರಿಸಿದ್ದು ಸ್ಪೀಕರಿನ ಹತ್ತಿರ ಏರಿಸಿದಂತೆ.

ಓದಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಅವ್ವನ ಹಳೇ ಕಪ್ಪು ಖಣದ ಕುಪ್ಪಸವನ್ನು ಒಳಕೋಣೆಯಲ್ಲಿ ಗೂಟಕ್ಕೆ ಹಾಕಿ, ಒಂದೇ ಬಲ್ಬು ಹಚ್ಚಿ, ಲೆನ್ಸು ಮುಟ್ಟದೆ 400, 800, 1000, 1250, 1600, 3200, ಎಲ್ಲದರಲ್ಲೂ ಹತ್ತತ್ತು ಸೆಕೆಂಡ್ ತೆಗೆದೆ. ಆಮೇಲೆ ಎಲ್ಲವನ್ನೂ ಒಂದೇ ಬೆಳಕಿಗೆ ತಂದು ಅಕ್ಕಪಕ್ಕ ಇಟ್ಟೆ. 1000ದಲ್ಲಿ ನುಚ್ಚು ತುಂಬಿತ್ತು. 1250ರಲ್ಲಿ ಕಪ್ಪು ಕಪ್ಪಾಗಿಯೇ ನಿಂತಿತ್ತು. ಐಎಸ್‌ಒ ಏರಿಸಿದ್ದಕ್ಕೆ ನಾಯ್ಸ್ ಇಳಿದಿತ್ತು! ಇಷ್ಟು ವರ್ಷ ಹೆದರಿದ್ದು ಯಾವುದಕ್ಕೆ ಅಂತ ಆ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದೆ.

1250 ಅನ್ನುವುದು ಎಲ್ಲ ಕ್ಯಾಮೆರಾಗೂ ಒಪ್ಪುವ ಅಂಕಿ ಅಲ್ಲ, ದಯವಿಟ್ಟು ಹಾಗೇ ಇಟ್ಟುಬಿಡಬೇಡಿ. ಪ್ಯಾನಸೋನಿಕ್ ಎಸ್5ರಲ್ಲಿ ವಿ-ಲಾಗ್ (ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಮಂಕಾಗಿ ತೆಗೆಯುವ ವಿಧಾನ) ಹಾಕಿದರೆ ಮೂಲ ಐಎಸ್‌ಒ 640 ಮತ್ತು 4000. ಸೋನಿ ಎಫ್‌ಎಕ್ಸ್3ರಲ್ಲಿ ಅಂಥದ್ದೇ ಎಸ್-ಲಾಗ್3 ಹಾಕಿದರೆ 800 ಮತ್ತು 12,800. ನಿಮ್ಮ ಕ್ಯಾಮೆರಾದ್ದು ಯಾವುದು ಅಂತ ಪುಸ್ತಕದಲ್ಲಿ ನೋಡಿ, ಆಮೇಲೆ ಒಂದು ಕಪ್ಪು ಬಟ್ಟೆ ಹಾಕಿ ನೀವೇ ತೆಗೆದು ನೋಡಿ. ಅರ್ಧ ಗಂಟೆಯ ಕೆಲಸ.

ಇನ್ನೊಂದು ತಪ್ಪೂ ಆಗಿತ್ತು. ಮೊದಲ ಸಲ ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಶಟರ್ ಇಟ್ಟಿದ್ದೆ, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವುದು 1/48 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಜ್. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. 1/48 ಅದಕ್ಕೆ ಹೊಂದುವುದಿಲ್ಲ, ಗೋಡೆಯ ಮೇಲೆ ಮಬ್ಬು ಪಟ್ಟಿಗಳು ನಿಧಾನ ಹರಿದಾಡುತ್ತಿದ್ದವು. 25 ಫ್ರೇಮ್‌ಗೆ 1/50 ಇಟ್ಟರೆ ಸರಿಹೋಗುತ್ತದೆ.

ಸಂಕ್ರಮಣ ಮುಗಿದ ಮೇಲೆ ಮತ್ತೆ ಹೋದೆ. ಈ ಸಲ ಎಫ್ 1.7ರ 25 ಎಂಎಂ ಲೆನ್ಸು. 2.8ಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬರುತ್ತದೆ. ನಿಜ ಹೇಳಬೇಕೆಂದರೆ ನಾಯ್ಸಿಗೆ ದೊಡ್ಡ ಮದ್ದು ಇದೇ. ಸೆನ್ಸರಿಗೆ ಬೆಳಕು ತರುವುದು ಲೆನ್ಸು ಮತ್ತು ಶಟರ್. ಐಎಸ್‌ಒ ಒಂದು ಹನಿ ಬೆಳಕನ್ನೂ ತರುವುದಿಲ್ಲ. 3200 ಇಡದೆ 1250ರಲ್ಲೇ ನಿಂತದ್ದೂ ಅದಕ್ಕೇ. 3200 ಇಟ್ಟರೆ ಪರದೆ ಬೆಳ್ಳಗೆ ಕಂಡು ಲೆನ್ಸು ಮುಚ್ಚೋಣ ಅನಿಸುತ್ತದೆ. 1250ರಲ್ಲಿ ಪರದೆ ಮಬ್ಬಾಗಿ ಕಂಡು ಕೈ ತಾನಾಗಿ ಲೆನ್ಸು ತೆರೆಯಲು ಹೋಗುತ್ತದೆ. ಒಂದೇ ತೊಂದರೆ ಅಂದರೆ ಹೆಚ್ಚು ಬೆಳಕಿನ ಜಾಗ 1250ರಲ್ಲಿ ಬೇಗ ಸುಟ್ಟ ಹಾಗೆ ಬಿಳಿಯಾಗುತ್ತದೆ. ಬೆಳಕಿಂಡಿಯ ಬಿಸಿಲು ನೇರ ಬಟ್ಟೆಯ ಮೇಲೆ ಬಿದ್ದರೆ ಕೆಲಸ ಕೆಟ್ಟಂತೆ.

ಅದನ್ನು ಕಾಕಾಗೆ ಹೇಳಿದೆ. ಅವರು ಲಾಳಿ ನಿಲ್ಲಿಸಿ ಮೇಲೆ ನೋಡಿದರು.

"ಸ್ವಲ್ಪ ಹೊತ್ತಾಗಲಿ, ತಡಿ. ಮಗ್ಗದ ಮ್ಯಾಲ ಬಿಸಿಲ ಬೀಳಬಾರದಪಾ, ಬೆಳಕಷ್ಟ ಬೀಳಬೇಕು. ಬಿಸಿಲ ಬಿದ್ರ ನನಗೂ ಎಳಿ ಕಾಣೂದಿಲ್ಲ."

ಕಾಕು ಚಹಾ ತಂದರು. ಕುಡಿಯುತ್ತಾ ಕಾದೆವು. ಬಿಸಿಲ ಕೋಲು ನೆಲದ ಮೇಲೆ ಸರಿಯುತ್ತಾ ಸರಿಯುತ್ತಾ ಎದುರಿನ ಸುಣ್ಣದ ಗೋಡೆಯನ್ನು ಹತ್ತಿತು. ಗೋಡೆಯಿಂದ ತಿರುಗಿದ ಬೆಳಕು ಮಗ್ಗದ ತುಂಬ ಹಾಲಿನಂತೆ ಹರಡಿತು. ಕಾಕಾನ ಅಪ್ಪ ಕುಣಿ ತೋಡುವಾಗಲೇ ಈ ಗೋಡೆ ನೋಡಿಕೊಂಡು ತೋಡಿದ್ದಂತೆ. ಟ್ಯೂಬ್‌ಲೈಟು ಆರಿಸಿಬಿಟ್ಟೆ. 1250, ಎಫ್ 1.7, 1/50. ಫೋಕಸ್ ಸಿಗುವ ಜಾಗ ತುಂಬಾ ಸಣ್ಣದಾಯಿತು, ಲಾಳಿ ಓಡುವಾಗ ಮಬ್ಬಾಗುತ್ತಿತ್ತು. ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಸರಿಸಿ ಇಟ್ಟೆ. ಅಷ್ಟೇ.

ನಿಲ್ಲಿಸಿದ ಮೇಲೆ ಕಾಕಾನನ್ನು ಕರೆದು ಕ್ಯಾಮೆರಾದ ಹಿಂದಿನ ಪರದೆಯಲ್ಲೇ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕಪ್ಪು ಕಪ್ಪಾಗಿತ್ತು. ಆನೆಹೆಜ್ಜೆಯ ಒಂದೊಂದು ಎಳೆಯೂ ಬಿಡಿ ಬಿಡಿಯಾಗಿ ಕಾಣುತ್ತಿತ್ತು. ಚೆನ್ನಾಗಿದೆ ಅನ್ನುತ್ತಾರೆ ಅಂತ ಕಾದೆ.

"ತಡಿ ತಡಿ, ಹಿಂದಕ ತಗೊ."

ಹಿಂದಕ್ಕೆ ತಂದೆ. ಪರದೆಯ ಬಲ ಮೂಲೆಗೆ ಬೆರಳಿಟ್ಟರು.

"ಅಂಚಿನ ಹತ್ರ ಒಂದು ಎಳಿ ಹರದೈತಿ ನೋಡು."

ಕನ್ನಡಕ ತೆಗೆಯದೆ ಹೋಗಿ ಕುಣಿಗೆ ಇಳಿದರು. ಹಾಸಿನ ಮೇಲೆ ಅಂಗೈ ಆಡಿಸಿ ಹರಿದ ಎಳೆಯನ್ನು ಹುಡುಕಿದರು. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಎರಡೂ ತುದಿ ಸೇರಿಸಿ ಹೊಸೆಯತೊಡಗಿದರು. ಗೋಡೆಯ ಬೆಳಕು ಇನ್ನೂ ಇತ್ತು. ನಾನು ಮತ್ತೆ ರೆಕಾರ್ಡ್ ಒತ್ತಿದೆ.